ಮದೀನಕ್ಕೆ ನನ್ನನ್ನು ಕಳಿಸಿದ್ದು ಯಾರು?

ಬುಧವಾರ ಬೆಳಗ್ಗೆ ಹತ್ತು ಗಂಟೆ. ಸಿಂಕಿನ ಎದುರು ನಿಂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಸೌದಿಯ ಈ ಜುಬೈಲಿನ ಮೀನು ಮಾರುಕಟ್ಟೆಯಲ್ಲಿ ಇಷ್ಟು ತಾಜಾ ಬೂತಾಯಿ ಸಿಗುವುದು ಅಪರೂಪ. (ಸಿಕ್ಕಿದ ದಿನ ಅಲ್‌ಹಂದುಲಿಲ್ಲಾಹ್ ಅನ್ನದೆ ನಾನು ಕತ್ತಿ ಮುಟ್ಟುವುದಿಲ್ಲ.) ಎರಡೂ ಕೈಗೆ ಹುರುಪೆ ಅಂಟಿತ್ತು. ಅಷ್ಟರಲ್ಲಿ ಫೋನ್. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಮೇಡಂ, ಟ್ರಾವೆಲ್ಸಿನಿಂದ ಮುನೀರ್. ಹೋದ ತಿಂಗಳು ಮದೀನಕ್ಕೆ ಹೋದದ್ದು ನೀವು ನಾಲ್ಕು ಜನವೇ ಅಲ್ವಾ?"

"ಹೌದು. ಎಂತಾಯ್ತು?"

"ಎಂತ ಇಲ್ಲ. ಬಿಲ್ಲು ಕಳಿಸ್ಲಿಕ್ಕುಂಟು. ಕಟ್ಟಡದ ಕಂಪೆನಿಯವರು ಹೆಸರು ಕೇಳಿದ್ರು. ಅಡ್ವರ್ಟೈಸ್‌ಮೆಂಟ್ ಖರ್ಚಲ್ಲಿ ಹಾಕ್ತಾರಂತೆ."

"ಎಂತ ಖರ್ಚಲ್ಲಿ?"

"ಅಡ್ವರ್ಟೈಸ್‌ಮೆಂಟ್ ಮೇಡಂ, ಜಾಹೀರಾತು. ನಿಮ್ಮದು ವೀಡಿಯೋ ಉಂಟಲ್ಲ, ಶಾಲೆದ್ದು? ನನ್ನ ಹೆಂಡತಿಯೂ ನೋಡಿದ್ದಾಳೆ. ಒಳ್ಳೆ ಮಾತಾಡಿದ್ದೀರಿ."

ಕೈಯಲ್ಲಿದ್ದ ಮೀನು ಜಾರಿ ಸಿಂಕಿಗೆ ಬಿತ್ತು.

ಪತ್ರಿಕೆಯ ಈ ಪುಟದಲ್ಲಿ ನಾನು ಮರಳುಗಾಳಿಯ ಬಗ್ಗೆ, ಇಫ್ತಾರಿನ ಗಂಜಿಯ ಬಗ್ಗೆ, ಊರಿಂದ ಬರುವವರ ಕೈಯಲ್ಲಿ ಕೊಬ್ಬರಿ ಎಣ್ಣೆ ತರಿಸುವ ಕಷ್ಟದ ಬಗ್ಗೆ ಬರೆದದ್ದನ್ನು ನೀವು ಓದಿದ್ದೀರಿ. ಇವತ್ತು ನನ್ನ ಮರ್ಯಾದೆಯ ಬಗ್ಗೆಯೇ ಬರೆಯಬೇಕಾಗಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ವಿಷಯ ಇಷ್ಟು. ನಮ್ಮ ಮಕ್ಕಳು ಓದುವ ಇಂಡಿಯನ್ ಶಾಲೆ ನಮ್ಮ ಬಿಲ್ಡಿಂಗಿನಿಂದ ಹತ್ತು ನಿಮಿಷದ ನಡಿಗೆ. ಹಳೆಯ ಕಟ್ಟಡ. ನನ್ನ ಚಿಕ್ಕ ಮಗಳ ತರಗತಿಯಲ್ಲಿ ಇಬ್ಬರು ಕೂರುವ ಬೆಂಚಿಗೆ ಮೂವರು. ಆಟದ ಮೈದಾನ ಅಂದರೆ ಬಸ್ಸು ನಿಲ್ಲಿಸುವ ಜಾಗ. ಹೀಗಿರುವಾಗ ಒಂದು ಕಂಪೆನಿಯವರು ಹೈವೇಯ ಆಚೆ ದೊಡ್ಡ ಕಟ್ಟಡ ಕಟ್ಟುತ್ತಿದ್ದೇವೆ, ಶಾಲೆಗೆ ಬಾಡಿಗೆಗೆ ಕೊಡುತ್ತೇವೆ ಅಂದರು. ಹೋಗಬೇಕೋ ಬೇಡವೋ? ಪಾಲಕರೇ ತೀರ್ಮಾನಿಸಲಿ ಎಂದು ಆಡಳಿತ ಸಮಿತಿ ಮತದಾನ ಇಟ್ಟಿತು. ಒಂದು ಮನೆಗೆ ಒಂದು ಮತ. ಚೀಟಿಯಲ್ಲಿ 'ಹೌದು', 'ಬೇಡ' ಎಂದು ಎರಡೇ ಚೌಕ. ದಿನ ಶುಕ್ರವಾರ, ಜುಮಾ ನಮಾಜಿನ ನಂತರ.

'ಹೌದು' ಕಡೆಯ ಪ್ರಚಾರ ನೋಡಿಕೊಂಡವರು ಇಕ್ಬಾಲ್ ಸಾಹೇಬರು. ನಮ್ಮ ಕರಾವಳಿಯವರೇ, ಅವರ ಮಕ್ಕಳೂ ಅದೇ ಶಾಲೆ. ಪಾಲಕರ ವಾಟ್ಸಾಪ್ ಗ್ರೂಪಿಗೆ ಅವರೇ ಅಡ್ಮಿನ್. ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದರು.

"ಬಾಬಿ, ನೀವು ವೀಡಿಯೋದಲ್ಲಿ ಒಂದು ಎರಡು ನಿಮಿಷ ಮಾತಾಡ್ಬೇಕು. ಗುರುವಾರ ನಿಮ್ಮ ಕುರ್‌ಆನ್ ಕ್ಲಾಸಿಗೆ ಎಷ್ಟು ಹೆಂಗಸರು ಬರ್ತಾರೆ! ನಾವು ಗಂಡಸರು ನೂರು ಸಲ ಹೇಳಿದ್ದು ಬೇರೆ, ನೀವು ಒಂದು ಸಲ ಹೇಳಿದ್ದು ಬೇರೆ."

ಹೊಗಳಿಕೆ ಯಾರಿಗೆ ಬೇಡ? ಅವರ ಹೆಂಡತಿಯೇ ಮೊಬೈಲ್ ಹಿಡಿದರು. ಹೇಳಬೇಕಾದ್ದನ್ನು ಇಕ್ಬಾಲ್ ಸಾಹೇಬರೇ ಕಾಗದದಲ್ಲಿ ಬರೆದು ತಂದಿದ್ದರು. ಅದರಲ್ಲಿ ಒಂದು ಸಾಲಿನ ಕೆಳಗೆ ಎರಡು ಗೆರೆ: 'ನಾನು ಯಾರ ಪರವೂ ಅಲ್ಲ, ಒಬ್ಬ ತಾಯಿ ಅಷ್ಟೇ.'

"ಇದು ಮಾತ್ರ ಬಿಡ್ಬೇಡಿ ಬಾಬಿ" ಅಂದರು.

ಬಿಡಲಿಲ್ಲ. ಅದು ಸತ್ಯವೇ ಆಗಿತ್ತಲ್ಲ? ಮೈದಾನ ಇದೆ ಅಂದೆ. ಬೆಂಚಿಗೆ ಇಬ್ಬರೇ ಅಂದೆ. ನರ್ಸ್ ಇರುವ ಕೋಣೆ, ಔಷಧಿ ಇಡಲು ಫ್ರಿಡ್ಜ್, ಎಲ್ಲವೂ ಇದೆ, 'ನಾನೇ ನೋಡಿದ್ದೇನೆ' ಅಂದೆ. ನೋಡಿದ್ದೆ ಕೂಡ. ಇಕ್ಬಾಲ್ ಸಾಹೇಬರು ನಮ್ಮ ಊಟದ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ.

ಅದಾಗಿ ಒಂದು ವಾರಕ್ಕೆ ಅವರಿಂದ ಫೋನ್. "ಬಾಬಿ, ನಮ್ಮ ಕಡೆಯಿಂದ ಒಂದು ಚಿಕ್ಕ ಹದಿಯಾ, ಗಿಫ್ಟು. ನೀವು, ನಿಮ್ಮವರು, ಎರಡು ಮಕ್ಕಳು, ಮೂರು ದಿನ ಮದೀನ. ಬಸ್ಸು, ಹೋಟೆಲು ಎಲ್ಲ ಆಗಿದೆ. ಬೇಡ ಅನ್ಬಾರ್ದು."

ನಮ್ಮಲ್ಲಿ ಮದೀನಕ್ಕೆ ಹೋಗುವ ಅವಕಾಶ ಬಂದರೆ ಯಾರೂ ಟಿಕೆಟ್ ಕೊಟ್ಟದ್ದು ಯಾರು ಎಂದು ಕೇಳುವುದಿಲ್ಲ. ಕರೆ ಬಂತು ಅನ್ನುತ್ತೇವೆ. ಅಲ್ಲಿಂದ ಕರೆಯದೆ ಯಾರೂ ಅಲ್ಲಿಗೆ ಹೋಗಲಾರರು ಎಂಬುದು ನನ್ನ ಉಮ್ಮ ನನಗೆ ಕಲಿಸಿದ ನಂಬಿಕೆ. ಮೂರು ವರ್ಷದಿಂದ ರಜೆ ಸಿಗದೆ, ರಜೆ ಸಿಕ್ಕಾಗ ಮಕ್ಕಳಿಗೆ ಪರೀಕ್ಷೆ ಬಂದು ಆಗದಿದ್ದ ಪ್ರಯಾಣ. ಫೋನ್ ಇಟ್ಟು ಅಡುಗೆಮನೆಯಲ್ಲೇ ಅತ್ತೆ. ಹದಿನಾಲ್ಕು ಗಂಟೆಯ ಬಸ್ಸಿನಲ್ಲಿ ಸೊಂಟ ಮುರಿದರೂ ಒಂದು ಮಾತು ಗೊಣಗಲಿಲ್ಲ. ಪ್ರವಾದಿಯವರ ಮಸೀದಿಯೊಳಗೆ ರೌಝಾದ ಹಸಿರು ಹಾಸಿನ ಮೇಲೆ ಎರಡು ರಕಅತ್ ನಮಾಜಿಗೆ ಜಾಗ ಸಿಕ್ಕಿತು. ಹಿಂದಿನಿಂದ ತಳ್ಳುವವರಿದ್ದರು, ಆದರೂ ಸಿಕ್ಕಿತು. ಮಕ್ಕಳಿಗಾಗಿ ಬೇಡಿದೆ. ಕೆಳಗಿನ ಮಹಡಿಯ ಸುಜಾತಳ ಮಗಳಿಗಾಗಿಯೂ ಬೇಡಿದೆ.

ವಾಪಸ್ ಬಂದ ಮರುದಿನ ಇಕ್ಬಾಲ್ ಸಾಹೇಬರಿಗೆ ಇನ್ನೊಂದು ಚಿಕ್ಕ ವೀಡಿಯೋ ಬೇಕಾಯಿತು. ಕೊಟ್ಟೆ. ಅದರಲ್ಲೂ ಅದೇ ಸಾಲು. ಯಾರ ಪರವೂ ಅಲ್ಲ.

ಈಗ ಹೇಳಿ. ಮುನೀರನ ಫೋನಿಗೆ ಕೈಯಲ್ಲಿದ್ದ ಮೀನು ಬೀಳದೆ ಇರುತ್ತದೆಯೇ?

ಕೈ ತೊಳೆದು ಇಕ್ಬಾಲ್ ಸಾಹೇಬರಿಗೆ ಫೋನ್ ಮಾಡಿದೆ.

"ಅಯ್ಯೋ ಬಾಬಿ, ಅದು ಗಿಫ್ಟು. ಗಿಫ್ಟಿಗೂ ಕೂಲಿಗೂ ವ್ಯತ್ಯಾಸ ಕ್ಲಾಸ್ ತೆಗೊಳ್ಳುವ ನಿಮಗೆ ನಾನು ಹೇಳ್ಬೇಕಾ?"

"ಗಿಫ್ಟ್ ಕೊಟ್ಟವರು ಜಾಹೀರಾತಿನ ಖರ್ಚು ಅಂತ ಬರೀತಾರಾ?"

"ಅದು ಅಕೌಂಟ್ಸಿನವರ ತಲೆನೋವು. ಎಲ್ಲಿಯಾದ್ರೂ ಬರೀಬೇಕಲ್ಲ."

"ನೀವು 'ನಮ್ಮ ಕಡೆಯಿಂದ' ಅಂತ ಹೇಳಿದ್ದು. ನೀವು ನಾಲ್ಕು ಜನ ಪಾಲಕರು ಸೇರಿ ಕೊಟ್ಟದ್ದು ಅಂತ ನಾನು ತಿಳ್ಕೊಂಡದ್ದು. ನಮ್ಮ ಅಂದ್ರೆ ಯಾರು?"

"ಎಲ್ಲ ಒಂದೇ ಅಲ್ವಾ ಬಾಬಿ?"

"ಹಾಗಾದ್ರೆ ಗ್ರೂಪಲ್ಲಿ ಹಾಕಿ. ವೀಡಿಯೋದಲ್ಲಿ ಮಾತಾಡಿದವಳಿಗೆ ಕಂಪೆನಿಯಿಂದ ಮದೀನ ಪ್ರಯಾಣ ಸಿಕ್ಕಿದೆ ಅಂತ."

"ಯಾವ ರೂಲಲ್ಲಿ ಉಂಟು ಹಾಗೆ ಹಾಕ್ಬೇಕು ಅಂತ? ಸಮಿತಿಯ ಸರ್ಕ್ಯುಲರ್ ಓದಿ. ನಿಮಗೆ ಮನಸ್ಸಿಗೆ ಕಿರಿಕಿರಿ ಅಂತ ಆದ್ರೆ ಶನಿವಾರ ಹೇಳುವ, ಆಯ್ತಾ?"

ಮತದಾನ ಶುಕ್ರವಾರ. ಹೇಳುವುದು ಶನಿವಾರ. ಎಷ್ಟು ಚಂದದ ವ್ಯವಸ್ಥೆ ನೋಡಿ!

"ನಿಮಗೆಂತ ಕೊಟ್ರು ಸಾಹೇಬ್ರೆ?" ಕೇಳಿಯೇಬಿಟ್ಟೆ. ಅವರ ಫೋನಿನ ಸಿಗ್ನಲ್ ಆಗಲೇ ಕೈಕೊಟ್ಟಿತು.

ಸರ್ಕ್ಯುಲರ್ ಓದಿದೆ. ಎರಡು ಪುಟ. ಪೋಸ್ಟರ್ ಎಷ್ಟು ದೊಡ್ಡದಿರಬಹುದು ಎಂದಿದೆ. ಗೇಟಿನ ಬಳಿ ಮಿಠಾಯಿ ಹಂಚಬಾರದು ಎಂದಿದೆ. ಮತ ಹಾಕಲು ಬರುವವರು ಇಕಾಮಾದ, ಅಂದರೆ ಇಲ್ಲಿನ ವಾಸದ ಪರವಾನಗಿಯ, ಮೂಲಪ್ರತಿಯನ್ನೇ ತರಬೇಕು, ಜೆರಾಕ್ಸ್ ನಡೆಯುವುದಿಲ್ಲ ಎಂದಿದೆ. ಮಾತಾಡುವವರ ಕೈಗೆ ಯಾರು ಏನು ಕೊಟ್ಟರು ಎಂಬುದರ ಬಗ್ಗೆ ಒಂದಕ್ಷರ ಇಲ್ಲ.

ನಮ್ಮ ಬೀದಿಯ ಅಂಗಡಿಯಲ್ಲಿ ಜೆಲ್ಲಿ ಮಿಠಾಯಿಯ ಪ್ಯಾಕೆಟ್ ಎತ್ತಿಕೊಂಡರೆ ನಾನು ಹಿಂದೆ ತಿರುಗಿಸಿ ಓದದೆ ಮಕ್ಕಳ ಕೈಗೆ ಕೊಟ್ಟವಳಲ್ಲ. ಜೆಲಾಟಿನ್ ಯಾವುದರದ್ದು, ಹಲಾಲ್ ಮುದ್ರೆ ಇದೆಯೇ, ಎಲ್ಲಿ ತಯಾರಾದದ್ದು, ಎಂದಿನವರೆಗೆ ತಿನ್ನಬಹುದು. ಒಂದು ರಿಯಾಲಿನ ಮಿಠಾಯಿ ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಬೆನ್ನ ಮೇಲೆ ಬರೆದುಕೊಂಡು ಬರುತ್ತದೆ. ಊರಿಗೇ ಬುದ್ಧಿ ಹೇಳುವ ಹೆಂಗಸಿಗೆ ಮಾತ್ರ ಯಾವ ಚೀಟಿಯೂ ಬೇಡವೇ?

ನಾಲ್ಕು ಗಂಟೆಗೆ ನಮ್ಮ ಯಜಮಾನರು ಡ್ಯೂಟಿ ಮುಗಿಸಿ ಬಂದರು. ಚಹಾ ಕೊಟ್ಟು ಎಲ್ಲ ಹೇಳಿದೆ.

"ಸುಮ್ಮನಿರು ಮಾರಾಯ್ತಿ" ಅಂದರು. "ನೀನು ಸುಳ್ಳು ಹೇಳಿದ್ಯಾ? ಹೊಸ ಕಟ್ಟಡ ಬೇಕು ಅಂತ ನಿನಗೆ ಮೊದಲೇ ಇತ್ತು. ಪುಕ್ಕಟೆ ಆದ್ರೂ ಅದನ್ನೇ ಹೇಳ್ತಿದ್ದಿ."

"ಹೇಳ್ತಿದ್ದೆ."

"ಮೊದಲಿನ ವೀಡಿಯೋ ಮಾಡುವಾಗ ಮದೀನದ ಸುದ್ದಿಯೇ ಇರಲಿಲ್ಲ."

"ಎರಡನೇದು?"

ಅವರು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.

ನನ್ನನ್ನು ಚುಚ್ಚುತ್ತಿದ್ದದ್ದು ಬರೀ ಮರ್ಯಾದೆಯಲ್ಲ, ಸುಜಾತ. ಅವಳು ಮೈಸೂರು ಕಡೆಯವಳು, ಗಂಡ ಮಹೇಶ್ ಇಲ್ಲಿ ಇಂಜಿನಿಯರ್. ಒಂಬತ್ತು ವರ್ಷದ ಮಗಳು ಸಿಂಚನಳಿಗೆ ನಾಲ್ಕನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮಧ್ಯಾಹ್ನ ಊಟಕ್ಕೆ ಮೊದಲು ಇನ್ಸುಲಿನ್ ಬೇಕೇ ಬೇಕು. ಶಾಲೆಯ ನರ್ಸ್ ಕೆಲಸ ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಹಾಗಾಗಿ ಸುಜಾತಳೇ ದಿನಾ ಹನ್ನೊಂದೂವರೆಗೆ ಅಬಾಯಾ ಹಾಕಿ, ಕೊಡೆ ಹಿಡಿದು, ಆ ಬಿಸಿಲಲ್ಲಿ ಶಾಲೆಗೆ ನಡೆಯುತ್ತಾಳೆ. ಹೈವೇಯ ಆಚೆಗಾದರೆ ನಡೆಯುವುದು ಹೇಗೆ? ಇಸವಿ 2016 ಆದರೂ ಈ ದೇಶದಲ್ಲಿ ನಾವು ಹೆಂಗಸರು ಸ್ಟೀರಿಂಗ್ ಮುಟ್ಟುವಂತಿಲ್ಲ. ಮಹೇಶ್ ಡ್ಯೂಟಿ ಬಿಟ್ಟು ಬರುವಂತಿಲ್ಲ. ಅಲ್ಲಿ ನರ್ಸ್ ಇದ್ದರೆ ಸರಿ, ಇಲ್ಲದಿದ್ದರೆ ತಾಯಿ ಮಗಳು ಗಂಟು ಕಟ್ಟಿ ಮೈಸೂರಿಗೆ ಹೋಗಬೇಕು, ಅವನೊಬ್ಬ ಇಲ್ಲಿರಬೇಕು. ಇಷ್ಟೆಲ್ಲ ಗೊತ್ತಿದ್ದೂ ಅವರ ಮನೆ 'ಹೌದು' ಅನ್ನಲು ಹೊರಟಿತ್ತು. ಯಾಕೆ? ನನ್ನ ವೀಡಿಯೋ.

ಕೆಳಗಿಳಿದು ಹೋದೆ. ಸುಜಾತ ಬಟ್ಟೆ ಮಡಚುತ್ತಿದ್ದಳು. ನಿಂತಲ್ಲೇ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ.

"ಮದೀನ ಕಥೆ ಆಮೇಲೆ ಹೇಳಿ ಸಫಿಯಕ್ಕ" ಅಂದಳು. "ನರ್ಸ್ ರೂಮ್ ಇದ್ಯೋ ಇಲ್ವೋ?"

"ನಕ್ಷೆಯಲ್ಲಿ ಉಂಟು."

"ನಕ್ಷೇಲಾ? ನಾನೇ ನೋಡಿದ್ದೀನಿ ಅಂದ್ರಲ್ಲ ವೀಡಿಯೋದಲ್ಲಿ?"

"ನಕ್ಷೆಯಲ್ಲೇ ನೋಡಿದ್ದು."

ಅವಳು ಮಡಚುತ್ತಿದ್ದ ಟವೆಲನ್ನು ಕುರ್ಚಿಯ ಮೇಲೆ ಎಸೆದಳು.

"ಐದು ಹೊತ್ತು ನಮಾಜ್ ಮಾಡೋರು, ಅವ್ರು ನೋಡದೇ ಇರೋದನ್ನ ನೋಡ್ದೆ ಅನ್ನಲ್ಲ ಅಂತ ಮಹೇಶ್ ಹತ್ರ ಜಗಳ ಆಡಿ ಒಪ್ಸಿದ್ದೀನಿ ಅಕ್ಕ ನಾನು! ಮಹೇಶ್ ಬೇಡ ಅಂತಾನೇ ಇದ್ರು."

ನನಗೆ ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

"ನಾಳೆ ಹೋಗಿ ನೋಡುವ" ಅಂದೆ.

"ಎಲ್ಲಿಗೆ? ಇನ್ನೊಂದ್ ನಕ್ಷೆಗಾ?"

ಮರುದಿನ ನಮ್ಮ ಯಜಮಾನರಿಗೆ ಮಧ್ಯಾಹ್ನದ ಶಿಫ್ಟು. ಬೆಳಗ್ಗೆ ನಮ್ಮಿಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಸುಜಾತ ಆ ಕಿಟಕಿ ಕಡೆ, ನಾನು ಈ ಕಿಟಕಿ ಕಡೆ. ಯಜಮಾನರು ಎರಡು ಸಲ ಹವಾಮಾನದ ಬಗ್ಗೆ ಮಾತೆತ್ತಿ, ಆಮೇಲೆ ರೇಡಿಯೋ ಹಾಕಿದರು.

ಕಟ್ಟಡ ದೊಡ್ಡದೇ. ಸುಳ್ಳು ಹೇಳುವುದಿಲ್ಲ, ತರಗತಿಗಳು ಗಾಳಿ ಬೆಳಕಿಂದ ತುಂಬಿದ್ದವು. ಮೈದಾನ ನೋಡಿ ನನ್ನ ಚಿಕ್ಕವಳು ಇಲ್ಲಿ ಓಡಿದ ಹಾಗೆ ಕಣ್ಣಿಗೆ ಕಟ್ಟಿತು. ಬಾಂಗ್ಲಾದ ಕಾವಲುಗಾರ ಒಳ್ಳೆಯವ, ಯಾಕೆ ಬಂದಿರಿ ಎಂದು ಕೂಡ ಕೇಳದೆ ಒಳಗೆ ಬಿಟ್ಟ. ನಕ್ಷೆಯ ನೆನಪಿನ ಮೇಲೆ ಎಡಕ್ಕೆ ತಿರುಗಿ ಮೂರನೇ ಕೋಣೆಗೆ ಹೋದೆವು.

ಬಾಗಿಲಿಲ್ಲ. ನಲ್ಲಿಯಿಲ್ಲ. ಫ್ರಿಡ್ಜಿಗೆ ಒಂದು ಪ್ಲಗ್ ಪಾಯಿಂಟೂ ಇಲ್ಲ. ಗೋಡೆಯಿಂದ ಗೋಡೆಯ ತನಕ ಪೈಂಟಿನ ಡಬ್ಬಗಳು.

"ಭಯ್ಯಾ, ಯೇ ನರ್ಸ್ ಕಾ ಕಮ್ರಾ ಹೈ ನಾ?" ಸುಜಾತ ಕೇಳಿದಳು.

"ನಹೀಂ ಮೇಡಂ, ಸ್ಟೋರ್" ಅಂದ ಅವ. ಪಾಪ, ಅವನಿಗೆ ಯಾರೂ ಕಾಗದದಲ್ಲಿ ಬರೆದು ಕೊಟ್ಟಿರಲಿಲ್ಲ.

ಸುಜಾತ ಮೊಬೈಲ್ ತೆಗೆದು ಫೋಟೋ ಹೊಡೆದಳು. ಮತ್ತೆ ನನ್ನ ಮುಖ ನೋಡಿದಳು. ತಿರುಗಿ ಕಾರಿನ ಕಡೆ ನಡೆದಳು.

ಮನೆಗೆ ಬಂದವಳೇ ಗ್ರೂಪಿಗೆ ವಾಯ್ಸ್ ಹಾಕಿದೆ. ಕಾಗದವಿಲ್ಲದೆ. "ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ನಾನು ಸಫಿಯಾ. ಹೊಸ ಕಟ್ಟಡದ ಎರಡು ವೀಡಿಯೋದಲ್ಲಿ ಮಾತಾಡಿದವಳು. ಆ ಕಂಪೆನಿಯ ಖರ್ಚಿನಲ್ಲಿ ನಾವು ನಾಲ್ಕು ಜನ ಮದೀನಕ್ಕೆ ಹೋಗಿ ಬಂದಿದ್ದೇವೆ. ಯಾರ ಖರ್ಚು ಅಂತ ನನಗೆ ನಿನ್ನೆ ಗೊತ್ತಾದದ್ದು, ಆದರೆ ಕೇಳದೆ ಇದ್ದದ್ದು ನನ್ನದೇ ತಪ್ಪು. ಮಾತನ್ನು ಬರೆದು ಕೊಟ್ಟದ್ದು ಪ್ರಚಾರದವರು. ನರ್ಸ್ ಕೋಣೆ ನಾನು ನೋಡಿರಲಿಲ್ಲ. ಇವತ್ತು ನೋಡಿದೆ, ಅದರಲ್ಲಿ ಪೈಂಟಿನ ಡಬ್ಬ ಉಂಟು. ಮೈದಾನ, ತರಗತಿ ನಿಜಕ್ಕೂ ಒಳ್ಳೇದುಂಟು. ನೀವು ಯಾವುದಕ್ಕೆ ಬೇಕಾದ್ರೂ ಮತ ಹಾಕಿ. ನನ್ನ ಮುಖ ನೋಡಿ ಹಾಕ್ಬೇಡಿ."

ಕಳಿಸಿ ಐದು ನಿಮಿಷ ಆಗಿರಲಿಲ್ಲ. ಪರದೆಯ ಮೇಲೆ ಒಂದು ಸಾಲು: ಅಡ್ಮಿನ್ ನನ್ನನ್ನು ಗ್ರೂಪಿನಿಂದ ತೆಗೆದಿದ್ದಾರೆ! ಎರಡು ವರ್ಷದಿಂದ ಬೆಳಗಿನ ಶುಭಾಶಯ, ಹೂವಿನ ಚಿತ್ರ, ಕಾಣೆಯಾದ ಟಿಫಿನ್ ಬಾಕ್ಸಿನ ಫೋಟೋ ಎಲ್ಲ ಸಹಿಸಿಕೊಂಡ ಗ್ರೂಪದು. ಸುಳ್ಳಿನ ಹತ್ತಿರದ ಮಾತಾಡಿದಾಗ ಚಪ್ಪಾಳೆ, ನಿಜ ಹೇಳಿದ ಕೂಡಲೇ ಬಾಗಿಲು.

ಆದರೆ ಸುಜಾತ ಇನ್ನೂ ಒಳಗಿದ್ದಳಲ್ಲ. ನನ್ನ ವಾಯ್ಸನ್ನು, ಕೆಳಗೆ ಡಬ್ಬಗಳ ಫೋಟೋವನ್ನು, ಅವಳಿಗೆ ಗೊತ್ತಿದ್ದ ಪ್ರತಿ ತರಗತಿಯ ತಾಯಂದಿರಿಗೂ ಕಳಿಸಿದಳು. ನನಗೆ ಮಾತ್ರ ಒಂದು ಮಾತೂ ಕಳಿಸಲಿಲ್ಲ.

ಶುಕ್ರವಾರ 'ಬೇಡ' ಗೆದ್ದಿತು. ಬೆರಳೆಣಿಕೆಯ ಮತಗಳಲ್ಲಿ. ನಮ್ಮ ಮನೆಯ ಮತ ಯಾವುದಕ್ಕೆ ಬಿತ್ತು ಎಂದು ನಮ್ಮ ಯಜಮಾನರು ಇವತ್ತಿನವರೆಗೂ ಹೇಳಿಲ್ಲ. ("ಗುಪ್ತ ಮತದಾನ ಅಲ್ವಾ?" ಅನ್ನುತ್ತಾರೆ.) ಮಸೀದಿಯ ಹೊರಗೆ ಇಕ್ಬಾಲ್ ಸಾಹೇಬರು ಅವರನ್ನು ಹಿಡಿದು, "ನಿಮ್ಮ ಮನೆಯವರಿಂದ ಮಕ್ಕಳಿಗೆ ಮೈದಾನ ಹೋಯ್ತು" ಅಂದರಂತೆ. ಆ ಮಾತು ನನಗೆ ನಾಟಿದೆ, ಇಲ್ಲ ಅನ್ನುವುದಿಲ್ಲ. ನನ್ನ ಚಿಕ್ಕವಳು ಈಗಲೂ ಬೆಂಚಿನ ತುದಿಯಲ್ಲಿ ಅರ್ಧ ಕೂತು ಬರೆಯುತ್ತಾಳೆ. ನರ್ಸ್ ಕೋಣೆಯನ್ನು ಮೊದಲು ಮುಗಿಸಿ ಆಮೇಲೆ ಮತ ಕೇಳಿದ್ದರೆ ಮೈದಾನವೂ ಸಿಗುತ್ತಿತ್ತಲ್ಲ ಎಂದು ಅವರಿಗೆ ಯಾಕೆ ಹೊಳೆಯುವುದಿಲ್ಲವೋ!

ಬಸ್ಸು, ಹೋಟೆಲಿನ ಖರ್ಚನ್ನು ನಾವೇ ಮುನೀರನಿಗೆ ಕೊಟ್ಟೆವು. ಬಿಲ್ಲಿನಲ್ಲಿ ಹೆಸರು ಬದಲಾಯಿಸಲು ಅವ ಪಟ್ಟ ಕಷ್ಟ ಅವನಿಗೇ ಗೊತ್ತು. "ಮೇಡಂ, ಬಿಟ್ಟಿ ಹೋದವರು ದುಡ್ಡು ಕೊಡುದು ನಾನು ಇದೇ ಮೊದಲು ನೋಡುದು" ಅಂದ. ಮದೀನದಲ್ಲಿ ಬೇಡಿದ ದುಆಗಳು ಮೇಲಿನವನ ಹತ್ತಿರ ಉಂಟೋ ಇಲ್ಲವೋ, ಅವನೇ ಬಲ್ಲ. ಸಿಂಚನ ಈ ವಾರ ಒಂದು ಸಲವೂ ತಲೆ ತಿರುಗಿ ಬಿದ್ದಿಲ್ಲ. ನಾನು ಅಷ್ಟನ್ನು ಎಣಿಸಿಕೊಂಡಿದ್ದೇನೆ.

ಇನ್ನು ಸಮಿತಿಯ ಕಥೆ. ಗಲಾಟೆ ಆದ ಮೇಲೆ ಅವರು ಕೂತು ಹೊಸ ನಿಯಮ ಮಾಡಿದರು. ಕಂಪೆನಿ ಬರುವ ವರ್ಷ ಮತ್ತೆ ಮತದಾನ ಕೇಳಲಿದೆಯಂತೆ, ಅದಕ್ಕೆ ಮುನ್ನೆಚ್ಚರಿಕೆ. ನೋಟೀಸು ಮಕ್ಕಳ ಡೈರಿಯಲ್ಲಿ ಅಂಟಿಕೊಂಡು ಮನೆಗೆ ಬಂತು: 'ಪ್ರಚಾರದಲ್ಲಿ ಹಣ ಪಡೆದು ಮಾತನಾಡುವವರು ಅದನ್ನು ಆರಂಭದಲ್ಲೇ ತಿಳಿಸತಕ್ಕದ್ದು.' ನನಗೆ ಖುಷಿಯಾಯಿತು. ಅಷ್ಟಾದರೂ ಆಯಿತಲ್ಲ!

ನಿನ್ನೆ ಸಂಜೆ ಸುಜಾತ ಮೇಲೆ ಬಂದಳು. ಹತ್ತು ದಿನದ ನಂತರ ಮೊದಲ ಸಲ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. ನಾನು ಕೋಣೆಯಲ್ಲಿ ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದವಳು ಎದ್ದು ಬಂದೆ. ಅವಳ ಕೈಯಲ್ಲಿ ಅದೇ ನೋಟೀಸು.

"ಅಕ್ಕ, ನಿಮಗೆ ಯಾರಾದ್ರೂ ಹಣ ಕೊಟ್ಟಿದ್ರಾ?"

"ಇಲ್ಲ."

"ಮತ್ತೆ ಇದ್ರ ಪ್ರಕಾರ ನೀವು ಏನೂ ಹೇಳ್ಬೇಕಾಗೇ ಇರ್ಲಿಲ್ವಲ್ಲ?"

ಮತ್ತೊಮ್ಮೆ ಓದಿದೆ. ಹಣ ಅಂತಲೇ ಇದೆ. ಉಡುಗೊರೆ ಇಲ್ಲ, ಪ್ರಯಾಣ ಇಲ್ಲ, ಹದಿಯಾ ಇಲ್ಲ. ಅಲ್ಲೇ ನಿಂತು, ಸ್ಪೀಕರಿಗೆ ಹಾಕಿ, ಸಮಿತಿಯ ಸದಸ್ಯರೊಬ್ಬರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಗಿಫ್ಟ್ ಎಲ್ಲ ಹೇಳ್ಬೇಕು ಅಂತ ಮಾಡಿದ್ರೆ ಯಾರು ಬಾಬಿ ಮುಂದೆ ಬಂದು ಮಾತಾಡ್ತಾರೆ?"

ಸುಜಾತ ನೋಟೀಸನ್ನು ನಾಲ್ಕಾಗಿ ಮಡಚಿದಳು.

"ಸರಿ ಬಿಡಿ. ಬರೋ ವರ್ಷ ಇನ್ಯಾರೋ ಅಕ್ಕ ಬಂದು ನರ್ಸ್ ರೂಮ್ ನಾನೇ ನೋಡ್ದೆ ಅಂತಾರೆ. ಅವ್ರಿಗೆ ಓವನ್ ಸಿಕ್ಕಿದ್ಯೋ, ಬಳೆ ಸಿಕ್ಕಿದ್ಯೋ, ನಾನು ಹೇಗಕ್ಕ ತಿಳ್ಕೊಳ್ಳೋದು?"

ಅವಳು ಮೆಟ್ಟಿಲಿಳಿದ ಮೇಲೆ ನಾನು ಕೋಣೆಗೆ ಹೋಗಿ ಇನ್ನೊಂದು ಕಮೀಜಿನ ತೋಳು ಹರವಿ ಇಸ್ತ್ರಿ ಒತ್ತಿದೆ. ನಿಮಗಾದರೂ ಗೊತ್ತಿದೆಯೇ, ಅವಳಿಗೆ ಏನು ಹೇಳಲಿ?